ಬಾಯಿಮಾತಿನ ಯಜಮಾನ

ನನ್ನ ತಂಗಿಯ ಗಂಡ ಲೆಮ್ಯುಯೆಲ್ ಪ್ರಾಟರ್‌ನ ಹೆಸರು ಎತ್ತಿದರೆ ಈಗಲೂ ನನಗೆ ಬಾಯಿ ಮುಕ್ಕಳಿಸಬೇಕು ಅನ್ನಿಸುತ್ತದೆ. ಆದರೂ ಹೇಳುತ್ತೇನೆ. ನಾನು ಹೇಳದಿದ್ದರೆ ಜಾರ್ಜಿಯಾದವರು ಹೇಳಿದ್ದೇ ಉಳಿದುಬಿಡುತ್ತದೆ. ಅವರ ಪ್ರಕಾರ ಕೂಸವಾಟಿ ಹೊಳೆಯ ದಂಡೆಯ ಆ ಮನೆ, ಅದರ ಹಿಂದಿನ ಪೀಚ್ ತೋಟ, ಜೋಳದ ಹೊಲ ಎಲ್ಲವೂ ಮೊದಲಿನಿಂದ ಲೆಮ್‌ನದೇ. ಅವ್ವ, ನನ್ನ ತಂಗಿ ಕ್ವೇಟಿ, ನಾನು, ಮೂವರೂ ಅವನ ಹಂಗಿನಲ್ಲಿ ಬಿದ್ದಿದ್ದವರು.

ನಮ್ಮ ಚೆರೋಕಿ ಜನರಲ್ಲಿ ಮನೆ ಹೆಂಗಸಿನದು. ಅವ್ವನದು ಮಗಳಿಗೆ, ಮಗಳದು ಮೊಮ್ಮಗಳಿಗೆ. ಮದುವೆಯಾದ ಗಂಡಸು ಹೆಂಡತಿಯ ಮನೆಗೆ ಬಂದು ಇರುತ್ತಾನೆ, ಮರ್ಯಾದೆಯಿಂದ ಇದ್ದರೆ ಸಾಯುವ ತನಕ ಇರುತ್ತಾನೆ. ಗಂಡನನ್ನು ಯಜಮಾನ ಎಂದು ಕರೆಯುವ ರೂಢಿ ನಮ್ಮಲ್ಲಿಲ್ಲ. ಗಂಡ ಎಂದರೆ ಜೊತೆಗಿರುವವನು, ಅಷ್ಟೆ. ನನ್ನ ಗಂಡನೂ ಹಾಗೇ ಬಂದಿದ್ದ. ಅವನು ನಮ್ಮ ನೆರೆಯ ಕ್ರೀಕ್ ಜನರ ಮೇಲಿನ ಯುದ್ಧದಲ್ಲಿ ಜನರಲ್ ಜಾಕ್ಸನ್‌ನ ಕಡೆ ಬಂದೂಕು ಹಿಡಿದು, ಕುದುರೆಲಾಳದ ತಿರುವು ಎಂಬ ಜಾಗದಲ್ಲಿ ಹೊಳೆ ದಾಟುವಾಗ ಸತ್ತ. ಆಗ ಜಾಕ್ಸನ್ ನಮ್ಮವರನ್ನು ಅಣ್ಣತಮ್ಮಂದಿರು ಎಂದು ಕರೆದನಂತೆ. ಮುಂದೆ ಅದೇ ಜಾಕ್ಸನ್ ಇಡೀ ದೇಶಕ್ಕೆ ಅಧ್ಯಕ್ಷನಾಗಿ, ನಮ್ಮನ್ನೆಲ್ಲ ಮಿಸಿಸಿಪ್ಪಿ ನದಿಯಾಚೆ ಅಟ್ಟುವ ಕಾನೂನಿಗೆ ಸಹಿ ಹಾಕಿದ. ಅವನ ಆ ಅಣ್ಣತಮ್ಮತನಕ್ಕೆ ಬೆಂಕಿ ಬೀಳಲಿ.

ಲೆಮ್ ಬಂದದ್ದು ಕೆರೊಲಿನಾ ಕಡೆಯಿಂದ, ಸೂಜಿ, ದಾರ, ತಗಡಿನ ಪಾತ್ರೆ ಮಾರುವ ಗಾಡಿ ಹೊಡೆದುಕೊಂಡು. ಗಾಡಿಯ ಅಚ್ಚು ನಮ್ಮ ಅಂಗಳದ ಎದುರಿಗೇ ಮುರಿಯಿತು. ಎಲುಬಿಗೆ ಚರ್ಮ ಅಂಟಿಕೊಂಡಿದ್ದ ಬಿಳಿಯ. ಕುತ್ತಿಗೆಯ ತುಂಬ ಕುರು. ಅವ್ವ ಅವನಿಗೆ ಬಾಗಿಲ ಪಕ್ಕದ ಗಡಿಗೆಯಿಂದ ಹುಳಿಜೋಳದ ಗಂಜಿ ಕೊಟ್ಟಳು. ಆ ಗಡಿಗೆ ಇರುವುದೇ ಅದಕ್ಕೆ. ಮನೆಗೆ ಯಾರೇ ಬಂದರೂ, ಯಾಕೆ ಬಂದೆ ಎಂದು ಕೇಳುವ ಮೊದಲು ಒಂದು ಬಟ್ಟಲು ಕೊಡಬೇಕು. ಅವನು ಮೂರು ಬಟ್ಟಲು ಕುಡಿದ. ಅಚ್ಚು ಸರಿಯಾದ ಮೇಲೂ ಹೋಗಲಿಲ್ಲ. ಕ್ವೇಟಿಗೆ ಅವನ ನಗು ಹಿಡಿಸಿತ್ತು. ಅವನು ನಮ್ಮ ಮಾತು ಕಲಿತ, ಸೊಂಟ ಬಗ್ಗಿಸಿ ದುಡಿದ. ಆಗೆಲ್ಲ ಮರದಿಂದ ಒಂದು ಪೀಚ್ ಹಣ್ಣು ಕೀಳಬೇಕಾದರೂ ಅವ್ವನ ಮುಖ ನೋಡುತ್ತಿದ್ದ. ಇಷ್ಟನ್ನು ಅವನ ಪರವಾಗಿ ಹೇಳಲೇಬೇಕು, ಹೇಳಿದ್ದೇನೆ.

ಆಮೇಲೆ ಜಾರ್ಜಿಯಾ ರಾಜ್ಯ ತನ್ನ ಕಾನೂನುಗಳನ್ನು ನಮ್ಮ ನೆಲದ ಮೇಲೆ ತಂದು ಸುರಿಯಿತು. ಚೆರೋಕಿಗಳ ಕಾನೂನು ಇನ್ನು ನಡೆಯುವುದಿಲ್ಲ ಎಂದಿತು. ಬಿಳಿಯನ ವಿರುದ್ಧ ಇಂಡಿಯನ್ನನ, ಎಂದರೆ ನಮ್ಮಂಥ ಮೂಲನಿವಾಸಿಯ ಮಾತು ಯಾವ ಕೋರ್ಟಿನಲ್ಲೂ ಸಾಕ್ಷಿಯಲ್ಲ ಎಂದಿತು. ನಮ್ಮ ಮುಖಂಡ ಜಾನ್ ರಾಸ್ ಮತ್ತೆ ಮತ್ತೆ ವಾಷಿಂಗ್ಟನ್ನಿಗೆ ಓಡಾಡಿದರು. ಅಲ್ಲಿನ ದೊಡ್ಡ ಕೋರ್ಟು, ಜಾರ್ಜಿಯಾದ ಕಾನೂನು ಚೆರೋಕಿಗಳ ನೆಲದಲ್ಲಿ ನಡೆಯುವಂತಿಲ್ಲ ಎಂದು ತೀರ್ಪನ್ನೂ ಕೊಟ್ಟಿತು. ಆ ದಿನ ಹೊಳೆಯ ಎರಡೂ ದಂಡೆಯಲ್ಲಿ ಕುಣಿತ. ಅಧ್ಯಕ್ಷ ಜಾಕ್ಸನ್ ಆ ತೀರ್ಪನ್ನು ಕಿವಿಯ ಮೇಲೂ ಹಾಕಿಕೊಳ್ಳಲಿಲ್ಲ. ಜಾರ್ಜಿಯಾ ನಮ್ಮ ನೆಲವನ್ನು ತುಂಡು ತುಂಡು ಅಳೆದು, ತುಂಡುಗಳ ಚೀಟಿಯನ್ನು ಒಂದು ಪೀಪಾಯಿಗೂ ಬಿಳಿಯರ ಹೆಸರಿನ ಚೀಟಿಯನ್ನು ಇನ್ನೊಂದಕ್ಕೂ ತುಂಬಿ, ತಿರುಗಿಸಿ ತಿರುಗಿಸಿ ಲಾಟರಿ ಎತ್ತಿತು. ಒಲೆಯ ಮೇಲೆ ಅಡುಗೆ ಬೇಯುತ್ತಿರುವ ಮನೆಗಳನ್ನು ಲಾಟರಿಗೆ ಇಡುವ ಜನರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ಭಾನುವಾರ ತಪ್ಪದೆ ಚರ್ಚಿಗೂ ಹೋಗುತ್ತಾರೆ.

ನಮ್ಮ ಮನೆಯ ಚೀಟಿ ಬಿದ್ದವನು ಒಂದು ಬೆಳಿಗ್ಗೆ ಕುದುರೆ ಏರಿ ಬಂದ. ಅವ್ವ ರೂಢಿಯಂತೆ ಗಂಜಿ ಕೊಟ್ಟಳು. ಬಟ್ಟಲು ಕೈಯಲ್ಲಿ ಹಿಡಿದೇ ಮನೆಯೆಲ್ಲ ತಿರುಗಿದ. ಗೋಡೆಯ ದಿಮ್ಮಿಗಳನ್ನು ಬೆರಳಿನಿಂದ ಕುಟ್ಟಿ ನೋಡಿದ. ಕಿಟಕಿ ತೆರೆದು ಮುಚ್ಚಿ, ಮತ್ತೆ ತೆರೆದ. ಮೀಸೆಯ ತುದಿಯಿಂದ ಗಂಜಿ ಅವ್ವ ಗುಡಿಸಿದ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ಮಿಷನ್ ಶಾಲೆಗೆ ಹೋಗಿದ್ದ ಕ್ವೇಟಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ನನಗೂ ಕೇಳಿದರೆ ತಿಳಿಯುತ್ತಿತ್ತು.

"ಈ ಒಲೆ ಹೊಗೆ ಕಟ್ಟುತ್ತಾ?" ಎಂದು ಅವನು ಕ್ವೇಟಿಯನ್ನು ಕೇಳಿದ.

"ನಮಗೆ ಕಟ್ಟಲ್ಲ," ಎಂದಳು ಕ್ವೇಟಿ.

"ನನ್ನ ಹೆಂಡ್ತಿಗೆ ಹೊಗೆ ಆಗಲ್ಲ, ಅದಕ್ಕೇ ಕೇಳ್ದೆ. ಯಾವಾಗ ಖಾಲಿ ಮಾಡ್ತೀರಿ?" ಎಂದು, ಇನ್ನೊಂದು ಬಟ್ಟಲಿಗೆ ಕೈ ಚಾಚಿದ.

ಅವ್ವ ಎರಡನೇ ಬಟ್ಟಲನ್ನೂ ಕೊಟ್ಟಳು. ಅವನು ಹೋದ ಮೇಲೆ ನಾನು ಆ ಬಟ್ಟಲನ್ನು ಹೊಳೆಯ ಮರಳು ಹಾಕಿ ಉಜ್ಜಿದೆ. ವಾಸನೆ ಹೋಗಲಿಲ್ಲ ಅನ್ನಿಸಿ ಮತ್ತೆ ಉಜ್ಜಿದೆ.

ಅವ್ವನ ಮುಖ ಬೂದಿಯಾಗಿತ್ತು. ಆ ಮನೆಯಲ್ಲೇ ಹುಟ್ಟಿದವಳು ಅವಳು. ನಮಗಿಂತ ಮೊದಲು ಹುಟ್ಟಿ ಸತ್ತ ಎರಡು ಕೂಸುಗಳನ್ನು ಪೀಚ್ ಮರಗಳ ಕೆಳಗೆ ಮಣ್ಣು ಮಾಡಿದ್ದಳು. ಅವಳಿಗಿದ್ದ ಆಸೆ ಒಂದೇ, ಆ ಮನೆಯಲ್ಲೇ ಸತ್ತು ಆ ಕೂಸುಗಳ ಪಕ್ಕ ಮಲಗಬೇಕು.

ಮಧ್ಯಾಹ್ನ ಊಟಕ್ಕೆ ಕೂತಾಗ ಲೆಮ್ ಮಾತು ತೆಗೆದ.

"ಅತ್ತೆಮ್ಮ, ಒಂದು ದಾರಿ ಇದೆ. ಜಾರ್ಜಿಯಾ ಕಾನೂನಲ್ಲಿ ಹೆಂಡ್ತೀದೆಲ್ಲ ಗಂಡಂದೇ. ನಾನು ಬಿಳಿಯ, ರಾಜ್ಯಕ್ಕೆ ನಿಷ್ಠನಾಗಿರ್ತೀನಿ ಅಂತ ಪ್ರಮಾಣಾನೂ ಮಾಡಿದೀನಿ. ಈ ಮನೆ ನಂದು ಅಂತ ಹೇಳಿದ್ರೆ ಲಾಟರಿಯವನು ಬಾಲ ಮುದುರ್ಕೊಂಡು ಹೋಗ್ಬೇಕು."

"ನಿಂದು ಅಂತ ಯಾಕಪ್ಪ ಹೇಳ್ಬೇಕು? ನಿಂದಲ್ವಲ್ಲ," ಎಂದೆ ನಾನು.

"ಬಾಯಿಮಾತಿಗೆ, ತಿಯಾನಕ್ಕ. ಅವರ ಎದುರಿಗೆ ಒಂದು ಮಾತು. ಮನೇಲಿ ಎಲ್ಲ ಇದ್ದಂಗೇ ಇರುತ್ತೆ."

"ಮಾತು ಅಂದ್ರೆ ನಿನಗೆ ಗಾಡಿ ಮೇಲಿನ ಸಾಮಾನೇನೋ? ಬೇಕಾದಾಗ ಇಳ್ಸಿ ಬೇಕಾದಾಗ ಹೇರೋಕೆ?"

ಅವ್ವ ನನ್ನ ಕಡೆ ಕೈ ಅಡ್ಡ ಮಾಡಿ ನಕ್ಕಳು. "ಹೇಳ್ಕೊಳ್ಲಿ ಬಿಡೇ ತಿಯಾನ. ಮಾಡಿನ ಮೇಲೆ ಕೂತ್ಕೊಂಡು ಕಾಗೇನೂ ದಿನಾ ಕೂಗುತ್ತೆ, ಈ ಮನೆ ನಂದು ಅಂತ. ನಾವೇನು ಕಾಗೆಗೆ ಮನೆ ಬಿಟ್ಟುಕೊಟ್ವಾ?"

ಎಲ್ಲರೂ ನಕ್ಕರು. ಲೆಮ್ ಎಲ್ಲರಿಗಿಂತ ಜೋರಾಗಿ ನಕ್ಕ. ನಮ್ಮವರು ಮಾಡಬಹುದಾದ ತಪ್ಪು ಅದೊಂದೇ, ಅದನ್ನೇ ಮಾಡಿದೆವು. ಮನೆ ಹೆಂಗಸಿನದು ಎಂಬುದು ನಮಗೆ ಹಗಲಿನಷ್ಟು ಖಚಿತವಾಗಿತ್ತು. ಯಾರೋ ಒಬ್ಬ ಗಂಡಸು ಬಾಯಿಬಿಟ್ಟು ಹೇಳಿದ ಮಾತ್ರಕ್ಕೆ ಅದು ಬದಲಾದೀತು ಎಂದು ಅವ್ವನಿಗೆ ಹೊಳೆಯುವುದು ಸಾಧ್ಯವೇ ಇರಲಿಲ್ಲ.

ಯಾವ ಮನೆ ಯಾರದೆಂದು ತೀರ್ಮಾನಿಸುವ ಜಾರ್ಜಿಯಾದ ಏಜೆಂಟ ಬಂದ. ಚೊಕ್ಕಟವಾದ ಕಪ್ಪು ಕೋಟು, ತೆಳ್ಳಗಿನ ತುಟಿ. ಅಂಗಳದಲ್ಲಿ ನಿಂತು, "ಈ ಮನೆಗೆ ಯಜಮಾನ ಯಾರು?" ಎಂದು ಕೇಳಿದ. ಲೆಮ್ ಎದೆ ಉಬ್ಬಿಸಿ, "ನಾನು," ಎಂದ. ಏಜೆಂಟ ಅವ್ವನ ಕಡೆ ಬೆರಳು ತೋರಿಸಿ, "ಇವಳು ಒಪ್ತಾಳಾ?" ಎಂದ. ಲೆಮ್ ಅದನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುವಾಗ ಅವ್ವನಿಗೆ ಒಂದು ಕಣ್ಣು ಹೊಡೆದ. ಅವ್ವ ನಗು ತಡೆದುಕೊಂಡು ತಲೆಯಾಡಿಸಿದಳು. ಅಷ್ಟೆ. ಏಜೆಂಟ ಗಂಜಿಯನ್ನೂ ಮುಟ್ಟದೆ ಹೋದ. ಲಾಟರಿಯವನು ಮತ್ತೆ ಬರಲಿಲ್ಲ. ಮನೆ ಉಳಿಯಿತು ಎಂದುಕೊಂಡು ಅವ್ವ ಆ ದಿನ ಕಾಳು ಬೆರೆಸಿದ ಜೋಳದ ಕಡುಬು ಬೇಯಿಸಿ, ಮೊದಲ ಬಿಸಿ ಕಡುಬನ್ನು ಅಳಿಯನ ಕೈಗೇ ಇಟ್ಟಳು.

ಹೊಲಸು ಒಂದೇ ದಿನಕ್ಕೆ ಮನೆ ತುಂಬುವುದಿಲ್ಲ. ಮೊದಲು ಅವನು ಒಲೆಯ ಹತ್ತಿರದ ಅವ್ವನ ಕುರ್ಚಿಯಲ್ಲಿ ಕೂತ. ಬೆನ್ನುನೋವು ಅಂದ. ಆಮೇಲೆ ಜಗಿದ ಹೊಗೆಸೊಪ್ಪಿನ ರಸವನ್ನು ಒಲೆಯ ಬೆಂಕಿಗೇ ಉಗುಳತೊಡಗಿದ. ನಮ್ಮಲ್ಲಿ ಬೆಂಕಿ ಎಂದರೆ ಮನೆಯ ಹಿರಿಯಜ್ಜಿ, ಅವಳಿಗೆ ಮೊದಲ ತುತ್ತು ಕೊಟ್ಟು ಆಮೇಲೆ ನಾವು ಉಣ್ಣುವುದು. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಉಗುಳು ಚುಂಯ್ ಎನ್ನುವುದನ್ನು ಕೇಳಿಸಿಕೊಂಡು ಅವನು ನನ್ನ ಕಡೆ ನೋಡುತ್ತಿದ್ದ, ಏನು ಮಾಡುತ್ತೀಯೋ ಮಾಡು ಎನ್ನುವ ಹಾಗೆ.

ಆ ಬೇಸಿಗೆಯಲ್ಲಿ ಪೀಚ್ ತೋಟದಲ್ಲಿ ಸಾರಾಯಿ ಭಟ್ಟಿ ಇಟ್ಟ. ಕೂಸುಗಳು ಮಲಗಿದ್ದ ಜಾಗದಿಂದ ಹತ್ತು ಮಾರು ದೂರವೂ ಇರಲಿಲ್ಲ. ಕೊಳೆತ ಹಣ್ಣಿನ ನಾತ, ನೊಣದ ಮುತ್ತಿಗೆ, ಹಗಲು ಹೊತ್ತಿಗೇ ಕುಡಿದು ಬೇಲಿಗೆ ಉಚ್ಚೆ ಹೊಯ್ಯುವ ಜಾರ್ಜಿಯಾದ ಗಂಡಸರು. ಅವರಲ್ಲಿ ಹೆಚ್ಚಿನವರು ಲಾಟರಿಯಲ್ಲಿ ನಮ್ಮ ನೆರೆಹೊರೆಯವರ ಮನೆ ಹೊಡೆದವರು. ಅವರ ಎದುರು ಲೆಮ್ ನನ್ನ ತಂಗಿಯನ್ನು "ನನ್ನ ಇಂಡಿಯನ್ ಹೆಣ್ಣು" ಎಂದು ಕರೆಯುತ್ತಿದ್ದ. ಬಾಗಿಲ ಪಕ್ಕದ ಗಂಜಿಯ ಗಡಿಗೆಯನ್ನು ಎತ್ತಿ ಹಂದಿಗಳ ಮುಂದೆ ಸುರಿದ. ಕಂಡಕಂಡವರಿಗೆಲ್ಲ ಬಡಿಸುವುದಕ್ಕೆ ಇದು ಛತ್ರವಲ್ಲ ಎಂದ. ಆ ಗಡಿಗೆಯಿಂದ ಮೂರು ಬಟ್ಟಲು ಕುಡಿದು ಜೀವ ಹಿಡಿದವನ ಬಾಯಲ್ಲಿ ಈ ಮಾತು. ನನಗೆ ವಾಕರಿಕೆ ಬಂತು. ಸುಮ್ಮನೆ ಹೇಳುತ್ತಿಲ್ಲ, ಹಿತ್ತಿಲಿಗೆ ಹೋಗಿ ನಿಜವಾಗಿ ವಾಂತಿ ಮಾಡಿಕೊಂಡೆ.

"ಅವನನ್ನ ಕಳ್ಸೇ," ಎಂದೆ ಕ್ವೇಟಿಗೆ.

"ಕಳ್ಸಿದ್ರೆ ಮನೇನೂ ಹೋಗುತ್ತೆ ಅಕ್ಕ. ಅವ್ವ ಇರೋವರೆಗಾದ್ರೂ ತಡ್ಕೋತೀನಿ."

"ಮೂಗು ಹಿಡ್ಕೊಂಡು ಎಷ್ಟು ದಿನ ಇರ್ತೀಯ?"

"ಅವ್ವ ಇರೋವರೆಗೆ," ಎಂದಳು ಮತ್ತೆ. ಅವಳ ಕೆನ್ನೆ ಗುಳಿ ಬಿದ್ದಿತ್ತು. ಅವನ ನಗು ಹಿಡಿಸಿ ಮದುವೆಯಾದವಳು ಈಗ ಅವನು ನಕ್ಕರೆ ಎದ್ದು ಆಚೆ ಹೋಗುತ್ತಿದ್ದಳು.

ಕೊನೆಗೆ ಅವನು ಜೋಳದ ಕಣಜಕ್ಕೆ ಬೀಗ ಹಾಕಿದ. ನಮ್ಮ ಊರಿನಲ್ಲಿ ಯಾವ ಮನೆಗೂ ಬೀಗ ಇರಲಿಲ್ಲ. ಆ ಜೋಳವನ್ನು ಬಿತ್ತಿದವರು ನಾವು, ಕಳೆ ಕಿತ್ತವರು ನಾವು, ಮುರಿದು ಒಣಗಿಸಿದವರು ನಾವು. ಮರುದಿನ ಮಧ್ಯಾಹ್ನ ಅವ್ವ ಖಾಲಿ ಬುಟ್ಟಿ ಹಿಡಿದು ಅವನ ಎದುರು ನಿಂತದ್ದನ್ನು ನಾನು ನೋಡಿದೆ. ಅವನು ಗೆಳೆಯರ ನಡುವೆ ಕುಡಿಯುತ್ತ ಕೂತಿದ್ದ. ಬೀಗದ ಕೈ ಅವನ ಸೊಂಟದಲ್ಲಿತ್ತು.

"ಜೋಳ ಬೇಕಪ್ಪ, ಬೀಸ್ಬೇಕು," ಎಂದಳು ಅವ್ವ.

"ಯಾರ ಜೋಳ?"

ಅವ್ವನಿಗೆ ಅರ್ಥವಾಗಲಿಲ್ಲ. "ಕಣಜದ್ದು," ಎಂದಳು.

"ಕಣಜ ಯಾರದ್ದು? ಮನೆ ಯಾರದ್ದು? ಹೇಳು ಅತ್ತೆಮ್ಮ. ಇವರೆಲ್ಲ ಕೇಳ್ಬೇಕಂತೆ. ಅವತ್ತು ಏಜೆಂಟನಿಗೆ ತಲೆಯಾಡ್ಸಿದೆಯಲ್ಲ, ಇವತ್ತು ಬಾಯಿಬಿಟ್ಟು ಹೇಳು. ಹೇಳಿದ್ರೆ ಬುಟ್ಟಿ ತುಂಬ ಕೊಡ್ತೀನಿ."

ನಾನು ಓಡಿದೆ. ಅಷ್ಟರಲ್ಲಿ ಅವ್ವ ಹೇಳಿಯಾಗಿತ್ತು. "ನಿಂದು," ಎಂದಳು, ಸಣ್ಣ ದನಿಯಲ್ಲಿ. ಅವನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಗೆಳೆಯರಿಗೆ ಹೇಳಿದ. ಒಬ್ಬ ತೊಡೆ ತಟ್ಟಿಕೊಂಡು ನಕ್ಕ. ಲೆಮ್ ಎದ್ದು ಬೀಗ ತೆಗೆದು ಬುಟ್ಟಿಗೆ ಜೋಳ ಸುರಿದ. ಕೆಳಗೆ ಉದುರಿದ ತೆನೆಗಳನ್ನು ಅವ್ವ ಬಗ್ಗಿ ಆರಿಸಿಕೊಂಡಳು. ಹೊಳೆಯಿಂದ ಬಟ್ಟೆ ಒಗೆದು ತಂದ ಕ್ವೇಟಿ ಬೇಲಿಯ ಹತ್ತಿರ ನಿಂತಿದ್ದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಲೆಮ್ ಗೆಳೆಯರ ಜೊತೆ ಪೇಟೆಗೆ ಹೋದ. ಅವನು ಆಚೆ ಹೋದದ್ದೇ ತಡ, ಕ್ವೇಟಿ ಒಳಗೆ ಹೋಗಿ ಅವನ ಜೀನು ತಂದು ಅಂಗಳದಲ್ಲಿಟ್ಟಳು. ಆಮೇಲೆ ಬೂಟು, ಕ್ಷೌರದ ಕತ್ತಿ, ಹಳೆಯ ಟೋಪಿ, ಎರಡು ಅಂಗಿ. ಒಂದೊಂದನ್ನೂ ಎರಡು ಬೆರಳಿನಲ್ಲಿ ಹಿಡಿದು ತಂದಳು, ಸತ್ತ ಇಲಿಯನ್ನು ತರುವ ಹಾಗೆ. ನಮ್ಮಲ್ಲಿ ಹೆಂಗಸು ಗಂಡನ ಸಾಮಾನನ್ನು ಬಾಗಿಲಾಚೆ ಇಟ್ಟರೆ ಮದುವೆ ಮುಗಿಯಿತು. ಜಗಳವಿಲ್ಲ, ಪಂಚಾಯಿತಿಯಿಲ್ಲ. ಎಂಥ ದೊಡ್ಡ ಯೋಧನಾದರೂ ಅದನ್ನು ಎತ್ತಿಕೊಂಡು ತನ್ನ ತಾಯಿಯ ಮನೆಗೆ ಹೋಗುತ್ತಾನೆ.

"ಏನ್ ಮಾಡ್ತಿದೀಯ ಅಂತ ಗೊತ್ತೇನೇ?" ಎಂದೆ.

"ಗೊತ್ತು ಅಕ್ಕ."

ಅವ್ವ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಬೇಡ ಎನ್ನಲಿಲ್ಲ.

ಸಂಜೆ ಹೊತ್ತಿಗೆ ಲೆಮ್ ಒಬ್ಬ ಗೆಳೆಯನ ಜೊತೆ ಹಿಂತಿರುಗಿದ. ಅಂಗಳದಲ್ಲಿ ಸಾಮಾನು ನೋಡಿ ಅವನ ಮುಖ ಬಿಳುಚಿತು. ಬಗ್ಗಿ ಜೀನನ್ನು ಹೆಗಲಿಗೆ ಏರಿಸಿದ, ಬೂಟು ಎತ್ತಿಕೊಂಡ, ದಾರಿಯ ಕಡೆ ನಡೆದ. ಅವನೊಳಗೆ ನಮ್ಮ ಅನ್ನದ ಗುಣ ಒಂದಿಷ್ಟಾದರೂ ಉಳಿದಿದೆ ಅಂದುಕೊಂಡೆ. ದಾರಿಯಲ್ಲಿ ಕುದುರೆಯ ಮೇಲೇ ಕಾದಿದ್ದ ಗೆಳೆಯ, "ಯಾಕೋ ಲೆಮ್, ಎಲ್ಲಿಗೆ?" ಎಂದ. ಲೆಮ್ ಏನೋ ಗೊಣಗಿದ. ಗೆಳೆಯನ ನಗು ನಮಗೆ ಮನೆಯ ತನಕ ಕೇಳಿಸಿತು. "ನಿನ್ನ ಸ್ವಂತ ಮನೆಯಿಂದ ನಿನ್ನನ್ನ ಓಡಿಸಿದ್ಲಾ?" ಎಂದ ಅವನು. ಲೆಮ್ ಅಲ್ಲೇ ನಿಂತ. ಅವನ ಕಿವಿ ಕೆಂಪಾದದ್ದು ಕಾಣಿಸಿತು. ಆ ನಗುವಿನ ಜೊತೆಗೇ ಅವನು ಪೂರ್ತಿ ಜಾರ್ಜಿಯಾದವನಾಗಿಬಿಟ್ಟ.

ವಾರ ಕಳೆಯುವುದರೊಳಗೆ ಏಜೆಂಟನನ್ನೂ ಜಾರ್ಜಿಯಾದ ಕಾವಲು ಪಡೆಯ ಬಂದೂಕಿನವರನ್ನೂ ಕರೆದುಕೊಂಡು ಬಂದ. ಅದೇ ಕಪ್ಪು ಕೋಟು, ಅದೇ ತುಟಿ. ಈ ಸಲ ಲೆಮ್ ನಮ್ಮ ಭಾಷೆಯಲ್ಲಿ ಮಾತಾಡಲಿಲ್ಲ. ಕ್ವೇಟಿಯೇ ಅತ್ತಿಂದಿತ್ತ ತಿರುಗಿಸಿ ಹೇಳಬೇಕಾಯಿತು.

"ಈ ಮನೆ ನಮ್ಮವ್ವಂದು," ಎಂದಳು ಅವಳು.

"ಅದು ಇತ್ಯರ್ಥ ಆಗಿದೆಯಮ್ಮ. ನಾನೇ ಕೇಳಿದ್ದೆ. ನಿಮ್ಮ ತಾಯಿ ಒಪ್ಪಿದ್ರು," ಎಂದ ಏಜೆಂಟ.

"ಅದು ಸುಳ್ಳು. ಇವನೇ ಹೇಳ್ಸಿದ್ದು."

"ಬಿಳಿಯನ ವಿರುದ್ಧ ಇಂಡಿಯನ್ನರ ಮಾತು ಸಾಕ್ಷಿ ಆಗಲ್ಲ. ಕಾನೂನು."

"ಹಾಗಾದ್ರೆ ಅವತ್ತು ಅವಳ ಮಾತು ಹೇಗೆ ನಡೀತು?"

"ಅವತ್ತು ಅವರು ಇವನ ಪರವಾಗಿ ಹೇಳಿದ್ರಲ್ಲ," ಎಂದ ಏಜೆಂಟ. ಮಗುವಿಗೆ ಲೆಕ್ಕ ಹೇಳಿಕೊಡುವವನ ಹಾಗೆ, ಬೇಸರವಿಲ್ಲದೆ ಹೇಳಿದ. ಬಂದೂಕಿನವರು ಹಲ್ಲು ಕಿರಿದರು, ಅವನು ಅದನ್ನೂ ಮಾಡಲಿಲ್ಲ. ಬೈಯುವವರನ್ನು ನಾನು ತಡೆದುಕೊಳ್ಳಬಲ್ಲೆ. ಹೀಗೆ ಸಮಾಧಾನವಾಗಿ, ಕೈಗೆ ಕೊಳೆಯಾಗದಂತೆ ಇನ್ನೊಬ್ಬರ ಮನೆ ಕಿತ್ತುಕೊಳ್ಳುವವರನ್ನು ನೋಡಿದರೆ ಮೈಮೇಲೆ ಜಿರಲೆ ಹರಿದ ಹಾಗಾಗುತ್ತದೆ.

ಸಾಮಾನು ಆಚೆ ಇಟ್ಟರೆ ಜಾರ್ಜಿಯಾದಲ್ಲಿ ಮದುವೆ ಮುರಿಯುವುದಿಲ್ಲ, ಕ್ವೇಟಿ ಈಗಲೂ ಲೆಮ್‌ನ ಹೆಂಡತಿ ಎಂದ ಏಜೆಂಟ. ಆಗ ಲೆಮ್ ಮುಂದೆ ಬಂದ, ದೊಡ್ಡ ಮನಸ್ಸಿನವನಂತೆ.

"ನಾನೇನು ಕಟುಕ ಅಲ್ಲ. ಕ್ವೇಟಿ ನನ್ನ ಜೊತೆ ಇರ್ಲಿ. ಮುದುಕೀನೂ ಸಾಯೋವರೆಗೆ ಹಿಂದಿನ ಕೋಣೇಲಿ ಇದ್ಕೊಳ್ಲಿ, ಸತ್ಮೇಲೆ ತೋಟದಲ್ಲೇ ಮಣ್ಣು ಮಾಡ್ಲಿ. ಆದ್ರೆ ಲಾಟರಿಯವನು ಮತ್ತೆ ತಕರಾರು ಎತ್ತಿದಾನೆ. ಇವರೆಲ್ಲರ ಎದುರಿಗೆ ಅವಳು ಇನ್ನೊಂದೇ ಒಂದು ಸಲ ಹೇಳ್ಲಿ, ಮನೆ ನಂದು ಅಂತ. ಆಮೇಲೆ ಯಾರೂ ಬಾಯಿ ಬಿಡಲ್ಲ."

ಕ್ವೇಟಿ ಅದನ್ನು ನಮ್ಮ ಮಾತಿನಲ್ಲಿ ಅವ್ವನಿಗೆ ಹೇಳಿದಳು. ಒಂದಕ್ಷರ ಬಿಡದೆ ಹೇಳಿದಳು. ಆಮೇಲೆ ಅವಳ ಎದುರು ಮಂಡಿಯೂರಿ ಕೂತು, "ಹೇಳ್ಬಿಡು ಅವ್ವ. ನಾನಿರ್ತೀನಿ ಅವನ ಜೊತೆ. ನಿನ್ನ ಕೂಸುಗಳು ಇಲ್ಲಿದಾವೆ," ಎಂದಳು. ಹಾಗೆನ್ನುವಾಗ ನನ್ನ ತಂಗಿಯ ತುಟಿ ಸೊಟ್ಟಗಾಯಿತು, ಹಳಸಿದ್ದನ್ನು ನುಂಗುವವಳ ಹಾಗೆ. ನಾನು ಮುಖ ತಿರುಗಿಸಿಕೊಂಡೆ.

ಅವ್ವ ಹಿತ್ತಿಲಿನ ಪೀಚ್ ಮರಗಳ ಕಡೆ ನೋಡಿದಳು. ಏಜೆಂಟ ಗಡಿಯಾರ ತೆಗೆದು ನೋಡಿಕೊಂಡ. ಅವ್ವ ಕ್ವೇಟಿಯ ಗಲ್ಲ ಹಿಡಿದು ಮುಖ ಮೇಲೆತ್ತಿದಳು.

"ಎರಡು ಸಲ ಸುಳ್ಳು ಹೇಳಿದೀನಿ ಮಗಾ. ಒಂದ್ಸಲ ನಗ್ತಾ, ಒಂದ್ಸಲ ಹಸಿವಿಗೆ. ಮೂರನೇ ಸಲ ಹೇಳಿದ್ರೆ ಅದು ನಿಜ ಆಗ್ಬಿಡುತ್ತೆ. ಏಳು, ಹೋಗೋಣ."

"ಏನಂತೆ?" ಎಂದ ಏಜೆಂಟ.

"ಹೇಳಲ್ವಂತೆ," ಎಂದಳು ಕ್ವೇಟಿ.

ಕ್ವೇಟಿ ಹೋಗುವುದನ್ನು ತಡೆಯಲು ಲೆಮ್ ಕೈ ಮುಂದೆ ಮಾಡಿದ, ಆಮೇಲೆ ಬಂದೂಕಿನವರು ನೋಡುತ್ತಿದ್ದಾರೆಂದು ಹಿಂದಕ್ಕೆ ತೆಗೆದ. ನಾನು ಎರಡು ಕಂಬಳಿ ತೆಗೆದುಕೊಂಡೆ. ಬಂದೂಕಿನವನೊಬ್ಬ ಅವನ್ನು ಬಿಚ್ಚಿಸಿ, ಒದರಿ ನೋಡಿ ಬಿಟ್ಟ. ಅವ್ವ ಮೊದಲು ತೋಟಕ್ಕೆ ಹೋದಳು. ಭಟ್ಟಿಯ ನಾತದಲ್ಲಿ ಆ ಎರಡು ಮರಗಳ ಬುಡದಲ್ಲಿ ಕೂತಳು, ನೆಲದ ಮೇಲೆ ಅಂಗೈ ಊರಿಕೊಂಡು. ನಾವು ಅವಳನ್ನು ಎಬ್ಬಿಸಬೇಕಾಯಿತು. ಅಂಗಳ ದಾಟಿ ದಾರಿಗೆ ಬಂದಾಗ ಹಿಂದೆ ಏಜೆಂಟನ ದನಿ ಕೇಳಿಸಿತು. ಅವನು ಬಂದೂಕಿನವರಿಗೆ ಹೇಳುತ್ತಿದ್ದ.

"ಯಾರೂ ಅವರನ್ನ ದಬ್ಬಲಿಲ್ಲ. ತಾವಾಗೇ ಬಿಟ್ಟು ಹೋದ್ರು. ಎಲ್ಲ ನೋಡಿದ್ರಲ್ಲ?"

"ನೋಡಿದ್ವಿ," ಎಂದರು ಅವರು. ಲೆಮ್‌ನ ದನಿಯೂ ಅದರಲ್ಲಿತ್ತು.